ತಂಗಿಯ ಹೆಸರಿನ ಕೆಂಪು ಸಾಲು

ಮೊದಲ ದಿನ ನಾನು ಆ ಆಫೀಸಿನಲ್ಲಿ ಮಷೀನುಗಳನ್ನು ಹುಡುಕಿದೆ.

ಮುಂಬಯಿಯ ಪರೇಲಿನಲ್ಲಿ ಹಿಂದೆ ಬಟ್ಟೆ ಗಿರಣಿ ಇದ್ದ ಜಾಗ ಅದು. ಗಿರಣಿಯ ಚಿಮಣಿ ಈಗಲೂ ನಿಂತಿದೆ, ಹೊಗೆ ಇಲ್ಲ. ಅದರ ಮಗ್ಗುಲಿಗೆ ಗಾಜಿನ ಕಟ್ಟಡ, ಕಟ್ಟಡದ ಮೂರನೇ ಮಹಡಿಯಲ್ಲಿ ನನ್ನ ತಂಗಿ ಕೆಲಸ ಮಾಡುತ್ತಿದ್ದ ಕಂಪನಿ. ‘ನಮ್ಮ ಮಷೀನು ಒಂದು ಮಿನಿಟೂ ನಿಂದ್ರಂಗಿಲ್ಲ ಯವ್ವಾ’ ಎಂದು ಅವಳು ಫೋನಿನಲ್ಲಿ ಹೇಳುತ್ತಿದ್ದದ್ದನ್ನು ಊರಿನಲ್ಲಿದ್ದಾಗ ಎಷ್ಟೋ ಸಲ ಕೇಳಿದ್ದೆ. ನಮ್ಮ ಊರಾದ ಇಂಡಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ ಇತ್ತು. ಮಷೀನು ಎಂದರೆ ನನಗೆ ಸದ್ದು, ಕಾಲಡಿ ನಡುಗುವ ನೆಲ, ಬಿಸಿಯಾದ ಬೆಲ್ಟಿನ ಪಟ್ಟಾದ ವಾಸನೆ. ಇಲ್ಲಿ ಏಸಿಯ ಗುಂಯ್ಗುಡುವಿಕೆ ಬಿಟ್ಟರೆ ಏನೂ ಇರಲಿಲ್ಲ. ಕೆಳಗಿನ ನೆಲಮಾಳಿಗೆಯಲ್ಲಿ ಇಟ್ಟಿರಬಹುದೆಂದು ಮೆಟ್ಟಿಲಿಳಿದು ಹೋದೆ. ಅಲ್ಲಿ ಕಾರುಗಳು ನಿಂತಿದ್ದವು. ವಾಚ್‌ಮನ್ ಯಾಕೆ ಬಂದೆ ಎಂದು ಕೇಳಿದ. ಮಷೀನ್ ಹುಡುಕುತ್ತಿದ್ದೇನೆ ಎಂದೆ. ಅವನು ನನ್ನನ್ನು ಲಿಫ್ಟ್ ರಿಪೇರಿಯವನೆಂದು ತಿಳಿದು ಲಿಫ್ಟಿನ ಕೋಣೆಯ ಬಾಗಿಲು ತೆಗೆದುಕೊಟ್ಟ.

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇಲ್ಲಿ ಇಲ್ಲೋ ಅಣ್ಣಾ. ಬ್ಯಾರೇದವರ ಮಷೀನು ಅವು. ಎಲ್ಲೋ ದೂರ ಅದಾವ. ನಾವು ತಾಸಿನ ಲೆಕ್ಕಕ್ಕ ಬಾಡಿಗಿ ಹಿಡದು ಇಲ್ಲಿಂದನ ನಡಸ್ತೀವಿ.”

“ಎಲ್ಲಿ ಅದಾವು?”

“ನನಗೂ ಗೊತ್ತಿಲ್ಲ.”

“ನೀ ನೋಡಿಲ್ಲೇನು?”

“ಯಾರೂ ನೋಡಿಲ್ಲ.”

“ಮತ್ತ ಅವು ಅದಾವು ಅಂತ ಹೆಂಗ ನಂಬ್ತೀರಿ?”

“ತಿಂಗಳಾ ಬಿಲ್ ಬರ್ತದಲ್ಲ.”

ಇದಕ್ಕೆ ಕ್ಲೌಡ್ ಎನ್ನುತ್ತಾರೆ. ಮೋಡ. ಆಕಾಶಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ.

ತಂಗಿಯ ಹೆಸರನ್ನು ಇಲ್ಲಿ ನೀಲಾ ಎಂದು ಬರೆಯುತ್ತೇನೆ, ಅದು ಅವಳ ಹೆಸರಲ್ಲ. ಇದನ್ನು ಬರೆಯಲೇ ಎಂದು ಮೊದಲು ಅವಳನ್ನು ಕೇಳಿದೆ. “ಬರಿ, ಹೆಸರು ಬದಲಿ ಮಾಡು” ಎಂದಳು. ನಾನು ಓದಿದ್ದು ಒಂಬತ್ತನೇ ಇಯತ್ತೆಯವರೆಗೆ. ತಪ್ಪುಗಳಿದ್ದರೆ ಊರ ಕಡೆಯ ಓದುಗರು ತಿದ್ದಿಕೊಳ್ಳಬೇಕು.

ನಾನು ಮುಂಬಯಿಗೆ ಕೆಲಸ ಹುಡುಕಿಕೊಂಡು ಬಂದವನಲ್ಲ. ನೀಲಾ ಡಿಪ್ಲೊಮಾ ಮುಗಿಸಿ, ಬಂದ ಗಂಡನ್ನು ಬೇಡವೆಂದು ಹೇಳಿ, ಒಬ್ಬಳೇ ಇಲ್ಲಿಗೆ ಬಂದಿದ್ದಳು. ಅವ್ವನಿಗೆ ಊರಿನವರ ಬಾಯಿ ಮುಚ್ಚಿಸಬೇಕಿತ್ತು. ರಸ್ತೆ ಅಗಲ ಮಾಡುವಾಗ ನಮ್ಮ ಗಿರಣಿ ಹೋದದ್ದೇ ಅವ್ವ ಹೇಳಿದಳು: “ಹೋಗಿ ಅಕಿ ಜೋಡಿ ಇರು. ನೌಕರಿ ಇರೂತನಕ ಇರ್ಲಿ. ನೌಕರಿ ಹೋತಂದ್ರ ಕರಕೊಂಡು ಬಾ, ಅವರು ಇನ್ನೂ ಕಾಯಾಕತ್ತಾರ.” ಅವರು ಎಂದರೆ ಆ ಗಂಡಿನ ಕಡೆಯವರು. ಹೀಗೆ ಕಾವಲಿಗೆಂದು ಬಂದವನಿಗೆ ನೀಲಾಳೇ ಊಟ ಹಾಕಿದಳು, ನೀಲಾಳೇ ತನ್ನ ಆಫೀಸಿನಲ್ಲಿ ಚಹಾ ಕೊಡುವ, ಕಾಗದಪತ್ರ ಓಡಾಡಿಸುವ ಕೆಲಸ ಕೊಡಿಸಿದಳು.

ಕಾಂದಿವಲಿಯ ಚಾಳಿನಲ್ಲಿ ನಮ್ಮದೊಂದು ಖೋಲಿ. ಖೋಲಿ ಎಂದರೆ ಒಂದೇ ಕೋಣೆ: ಒಲೆ, ಹಾಸಿಗೆ, ದೇವರು ಎಲ್ಲ ಅದರಲ್ಲೇ. ನಮ್ಮ ಊರಿನಲ್ಲಿ ದನಕ್ಕೂ ಇದಕ್ಕಿಂತ ದೊಡ್ಡ ಜಾಗ ಇತ್ತು ಎಂದು ಮೊದಲ ವಾರ ನಾನು ಅಂದೆ. “ಆ ದನಾ ಹೊರಗ ಹೋಗಬೇಕಾದ್ರ ಯಾರನ್ನರ ಕೇಳಬೇಕಿತ್ತು ಅಣ್ಣಾ” ಎಂದು ನೀಲಾ ಉತ್ತರ ಕೊಟ್ಟಳು. ಮನೆ ಮಾಲಕಿ ನಮ್ಮಿಬ್ಬರ ಆಧಾರ್ ಕಾರ್ಡನ್ನು ಅಕ್ಕಪಕ್ಕ ಇಟ್ಟು ಅಪ್ಪನ ಹೆಸರು ಒಂದೇ ಹೌದೋ ಅಲ್ಲವೋ ಎಂದು ಕನ್ನಡಕ ಹಾಕಿ ನೋಡಿದ್ದಳು. ‘ನಕ್ಕಿ ಭಾವು-ಬಹೀಣ?’ ನಿಜವಾಗಿ ಅಣ್ಣತಂಗಿಯರೇ ಎಂದು ಮರಾಠಿಯಲ್ಲಿ ಎರಡು ಸಲ ಕೇಳಿದಳು. ಊರಿನಲ್ಲಿ ನನ್ನ ಮುಖ ನೋಡಿಯೇ ಯಾರ ಮಗ, ಯಾರ ಅಣ್ಣ ಎಂದು ಹೇಳುತ್ತಾರೆ. ಇಲ್ಲಿ ಅದಕ್ಕೂ ಕಾಗದ ಬೇಕು.

ಪಕ್ಕದ ಖೋಲಿಯ ಅಜ್ಜಿ, ಎಲ್ಲರಿಗೂ ಕಾಕು, ಬೆಳಗಾವಿ ಕಡೆಯವರು. ಅವರ ಮೊಮ್ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. “ಊಟ ಆತೇನೋ?” ಎಂದರೆ “ಹೋ ಗಯಾ ಅಂಕಲ್” ಎನ್ನುತ್ತವೆ. ನಾನು ಹಿಂದಿ ಕಲಿತದ್ದು ಅವುಗಳಿಂದಲೇ. ನಾನು ಏನು ಹೇಳಿದರೂ ಒಮ್ಮೆ ನಕ್ಕು ಆಮೇಲೆ ತಿದ್ದುತ್ತಿದ್ದವು. ಜೋಳದ ರೊಟ್ಟಿಗೆ ಇಲ್ಲಿ ಭಾಕರಿ ಎನ್ನುತ್ತಾರೆ, ಹೋಟೆಲಿನಲ್ಲಿ ಕೇಳಿದರೆ ಅಂಗೈಯಷ್ಟು ದಪ್ಪದ್ದು ತಂದಿಡುತ್ತಾರೆ. ನೀಲಾ ರಜೆಯ ದಿನ ತೆಳ್ಳಗೆ ತಟ್ಟುತ್ತಿದ್ದಳು. ಆ ಸದ್ದಿಗೆ ಕಾಕು ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು.

ಕಂಪನಿಯ ಮಾಲೀಕರನ್ನು ಹಿತೇಶ್‌ಭಾಯಿ ಎಂದು ಕರೆಯುತ್ತೇನೆ. ರಕ್ತ ಪರೀಕ್ಷೆಯ ಲ್ಯಾಬುಗಳಿಗೆ, ಸಣ್ಣ ದವಾಖಾನೆಗಳಿಗೆ ರಿಪೋರ್ಟು ಇಡುವ ಸಾಫ್ಟ್‌ವೇರ್ ಅವರದು. ನಾನು ಸೇರಿ ಆರೇಳು ತಿಂಗಳಿಗೆ ಮೋಡದ ಬಿಲ್ಲು ಏರತೊಡಗಿತು. ಹಿತೇಶ್‌ಭಾಯಿ ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುವ ದಿನಗಳು ಬಂದವು. ಆಗ ಗೋಡೆಗೆ ಡ್ಯಾಶ್‌ಬೋರ್ಡ್ ಎಂಬ ದೊಡ್ಡ ಪರದೆ ಹಾಕಿಸಿದರು. ಡ್ಯಾಶ್‌ಬೋರ್ಡ್ ಎಂದರೆ ನಮ್ಮ ಕಡೆ ಟ್ರ್ಯಾಕ್ಟರಿನ ಮುಂದಿರುವ ಮೀಟರಿನ ಹಲಗೆ. ಇದೂ ಅಂಥದೇ. ಕಂಪನಿ ಬಾಡಿಗೆ ಹಿಡಿದ ಪ್ರತಿ ಮಷೀನಿಗೆ ಒಂದು ಸಾಲು. ಸಾಲಿನ ಕೊನೆಗೆ ಅದನ್ನು ಹಿಡಿದವರ ಹೆಸರು. ಕೆಲಸ ಮಾಡುತ್ತಿರುವ ಮಷೀನಿನ ಸಾಲು ಹಸಿರು. ಕೆಲಸವಿಲ್ಲದೆ ಸುಮ್ಮನೆ ನಡೆಯುತ್ತ ಬಾಡಿಗೆ ಏರಿಸುತ್ತಿರುವುದರ ಸಾಲು ಕೆಂಪು.

ಚಹಾ ಕೊಡುತ್ತ ನಾನು ಅದನ್ನು ನೋಡಿ ನಿಂತೆ. ಹಿತೇಶ್‌ಭಾಯಿ ತಮಾಷೆಗೆ, ಏನು ಅರ್ಥವಾಯಿತು ಎಂದು ಕೇಳಿದರು. ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ: ಗಿರಣಿ ಕಾಳಿಲ್ಲದೆ ತಿರುಗಬಾರದು. ತಿರುಗಿದರೆ ಕರೆಂಟು ಹೋಗುವುದಷ್ಟೇ ಅಲ್ಲ, ಕಲ್ಲು ಕಲ್ಲನ್ನು ತಿಕ್ಕಿ ಸವೆಯುತ್ತದೆ. ಮುಂದೆ ಬಂದವರ ಹಿಟ್ಟಿನಲ್ಲಿ ಕಲ್ಲಿನ ಪುಡಿ ಬೀಳುತ್ತದೆ.

ಅವರು ಚಹಾ ಕೆಳಗಿಟ್ಟರು. ಮರುದಿನದಿಂದ ನನಗೆ ಹೊಸ ಕೆಲಸ. ಬೆಳಿಗ್ಗೆ ಚಹಾದ ಜೊತೆಗೆ ಕೆಂಪು ಸಾಲುಗಳ ಹೆಸರಿನವರ ಹತ್ತಿರ ಹೋಗಿ, ಇದು ಬೇಕೋ ಬೇಡವೋ ಎಂದು ಕೇಳಬೇಕು. ಬೇಡ ಎಂದರೆ ಬಂದು ಸಾಲಿನ ಮುಂದಿನ ಚೌಕದಲ್ಲಿ ‘ಕೇಳಿದೆ, ಒಪ್ಪಿದರು’ ಎಂದು ಗುರುತು ಹಾಕಬೇಕು. ಗುರುತು ಬಿದ್ದ ಮಷೀನು ಅಂದೇ ನಿಲ್ಲುತ್ತದೆ. ನಿಂತ ಮೇಲೂ ಅದರೊಳಗಿಟ್ಟ ರಿಪೋರ್ಟಿನಂಥ ಸಾಮಾನಿಗೆ ಜಾಗದ ಬಾಡಿಗೆ ಇರುತ್ತದೆ, ಹಾಗಾಗಿ ಎರಡು ವಾರ ಬಿಟ್ಟು ಸಾಮಾನೂ ತಾನಾಗಿ ಅಳಿಸಿಹೋಗುತ್ತದೆ. ಒಪ್ಪಿದ ಗುರುತು ಇದ್ದರೆ ನಡುವೆ ಯಾರಿಗೂ ಸೂಚನೆ ಹೋಗುವುದಿಲ್ಲ. ಅವರೇ ಒಪ್ಪಿದ್ದಾರಲ್ಲ, ಮತ್ತೆ ಯಾಕೆ ಕೇಳುವುದು?

ಇ-ಮೇಲ್ ಬಂದರೆ ಓದದೆ ಬಿಡುವ ಹುಡುಗರು, ಎದುರಿಗೆ ಚಹಾ ಹಿಡಿದು ನಿಂತವನಿಗೆ ಉತ್ತರ ಕೊಡದೆ ಬಿಡುವಂತಿಲ್ಲ. “ಯಮರಾಜ್ ಆ ಗಯಾ” ಎಂದು ನಗುತ್ತಿದ್ದರು. “ಆಜ್ ಕಿಸ್ಕೀ ಬಾರಿ?” ಇವತ್ತು ಯಾರ ಸರದಿ? ಒಂದೊಂದೇ ಕೆಂಪು ಸಾಲು ಮಾಯವಾಗತೊಡಗಿತು. ಬಿಲ್ಲು ಇಳಿಯಿತು. ಹಿತೇಶ್‌ಭಾಯಿ ಎಲ್ಲರ ಎದುರು ನನ್ನ ಬೆನ್ನು ತಟ್ಟಿದ ದಿನ, ಸಂಜೆ ಲೋಕಲ್ ರೈಲಿನಲ್ಲಿ ಕಾಂದಿವಲಿಯವರೆಗೆ ಜನರ ನಡುವೆ ಒಂಟಿಕಾಲಲ್ಲಿ ನಿಂತು ಬಂದರೂ ದಣಿವಾಗಲಿಲ್ಲ. ಈ ಊರಿನಲ್ಲಿ ನಾನೂ ಒಬ್ಬ ಎಂದು ಅನ್ನಿಸಿದ್ದು ಅದೇ ಮೊದಲು.

ಗಣಪತಿ ಹಬ್ಬ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ಕೆಂಪು ಸಾಲಿನ ಕೊನೆಗೆ ನೀಲಾಳ ಹೆಸರಿತ್ತು.

ಅವಳು ಆ ದಿನ ಬಾಂದ್ರಾದಲ್ಲಿ ಒಬ್ಬ ಗಿರಾಕಿಯ ಹತ್ತಿರ ಹೋಗಿದ್ದಳು. ಹಿತೇಶ್‌ಭಾಯಿ ಪರದೆಯ ಮುಂದೆ ನಿಂತು, “ನೀಲಾ ಕೊ ಪೂಛಾ?” ಎಂದರು. ಕೇಳಿದೆಯಾ?

“ಹಾಂ, ಪೂಛಾ. ಬಂದ್ ಕರೋ” ಎಂದೆ. ಹೌದು, ಕೇಳಿದೆ, ನಿಲ್ಲಿಸಿ. ಗುರುತು ಹಾಕಿದೆ.

ಕೇಳಿರಲಿಲ್ಲ. ಮರೆತೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಬೇರೆಯವರ ಮಷೀನಿಗೆ ಬೇರೆಯವರನ್ನು ಕೇಳಬೇಕು. ತಂಗಿಯದಕ್ಕೆ ಅಣ್ಣ ಇದ್ದಾನಲ್ಲ. ನಮ್ಮ ಮನೆಗೆ ಬಂದವರು ‘ನೀಲವ್ವ ಏನು ಓದತಾಳ’ ಎಂದರೆ ಅವಳು ಅಲ್ಲೇ ನಿಂತಿದ್ದರೂ ಉತ್ತರ ನನ್ನದು. ಗಂಡಿನ ಕಡೆಯವರು ‘ಹುಡುಗಿ ಒಪ್ಯಾಳೇನು’ ಎಂದು ಕೇಳಿದಾಗ ‘ಹೂಂ’ ಅಂದವನೂ ನಾನೇ. ಆ ‘ಹೂಂ’ ಕೇಳಿಯೇ ಅವಳು ಮುಂಬಯಿಗೆ ಬಂದದ್ದು. ಅದು ತಿಳಿದಿದ್ದೂ ನನಗೆ ಬುದ್ಧಿ ಬರಲಿಲ್ಲ. ಆ ಸಂಜೆ ಒಂದೇ ಒಲೆಯ ಮುಂದೆ ಕೂತು ಉಂಡೆವು. ಆಗಲೂ ಹೇಳಲಿಲ್ಲ. ಹೇಳುವಂಥದ್ದೇನೂ ನಡೆದಿಲ್ಲ ಎಂದೇ ತಿಳಿದಿದ್ದೆ.

ಆ ಮಷೀನಿನೊಳಗೆ ಒಂದು ಲ್ಯಾಬಿನ ಎಲ್ಲ ಹಳೇ ರಿಪೋರ್ಟುಗಳಿದ್ದವು. ಹಳೇ ಕಂಪ್ಯೂಟರಿನಿಂದ ತೆಗೆದು ನೀಲಾ ಅಲ್ಲಿ ಇಟ್ಟಿದ್ದಳು. ಲ್ಯಾಬಿನವರು ಹಬ್ಬ ಮುಗಿದ ಮೇಲೆ ನೋಡಿ ಹೇಳುತ್ತೇವೆ ಎಂದಿದ್ದರು. ಅವರ ಮಾತಿಗಾಗಿ ಕಾಯುತ್ತ ಮಷೀನು ಸುಮ್ಮನಿತ್ತು. ಗೋಡೆಯ ಪರದೆಗೆ ಕಾಯುವುದೂ ಖಾಲಿ ತಿರುಗುವುದೂ ಒಂದೇ ಬಣ್ಣ. ಹಬ್ಬ ಮುಗಿಯುವಷ್ಟರಲ್ಲಿ ಅಲ್ಲಿ ಏನೂ ಉಳಿದಿರಲಿಲ್ಲ. ಹಳೇ ಕಂಪ್ಯೂಟರನ್ನು ಲ್ಯಾಬಿನವರು ಆಗಲೇ ಗುಜರಿಗೆ ಹಾಕಿದ್ದರು. ಇನ್ನೊಂದು ಪ್ರತಿ ತೆಗೆದಿಡಬೇಕಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಇರಬಹುದು. ಲ್ಯಾಬಿನವರ ಒಪ್ಪಿಗೆ ಬಂದ ಮೇಲೆ ತೆಗೆಯಬೇಕೆಂದು ಅವಳು ಕಾದಿದ್ದಳು.

ಹಿತೇಶ್‌ಭಾಯಿ ಎಲ್ಲರನ್ನೂ ಪರದೆಯ ಮುಂದೆ ಕರೆದರು. ಅಳಿಸಿದ ಸಾಲನ್ನು ತೆಗೆದು ತೋರಿಸಿದರು. ನೀಲಾಳ ಹೆಸರು, ಅದರ ಮುಂದೆ ಒಪ್ಪಿಗೆಯ ಗುರುತು.

“ನಾನು ಒಪ್ಪಿಲ್ಲ ಸರ್. ನನ್ನನ್ನು ಯಾರೂ ಕೇಳೇ ಇಲ್ಲ” ಎಂದು ನೀಲಾ ಹಿಂದಿಯಲ್ಲಿ ಹೇಳಿದಳು. ಹೇಳುತ್ತಿದ್ದ ಹಾಗೆಯೇ ಗುರುತು ಹಾಕುವವನು ಯಾರು ಎಂದು ಅವಳಿಗೆ ನೆನಪಾಗಿರಬೇಕು.

ಹಿತೇಶ್‌ಭಾಯಿ ನನ್ನ ಕಡೆ ತಿರುಗಿದರು. “ತೂನೆ ಪೂಛಾ ಥಾ ನ?” ನೀನು ಕೇಳಿದ್ದೆ ತಾನೆ?

ಎಲ್ಲರ ಕೈಯಲ್ಲೂ ನಾನು ಕೊಟ್ಟ ಚಹಾ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎನ್ನುವುದಕ್ಕೆ ಬಾಯಿ ತೆರೆದೆ, ಬಂದದ್ದು “ಹಾಂ ಸಾಬ್” ಎಂಬ ಮಾತು.

ನೀಲಾ ನನ್ನ ಮುಖ ನೋಡಿದಳು. ಹೊರಗಿನವರ ಎದುರು ಅಣ್ಣನನ್ನು ಸುಳ್ಳ ಎನ್ನುವುದು ನಮ್ಮಲ್ಲಿ ಇಲ್ಲ. ಅವಳೂ ಅದೇ ಮನೆಯಲ್ಲಿ ಬೆಳೆದವಳು. ಇಷ್ಟು ದೂರ ಬಂದು, ಇಷ್ಟು ಕಲಿತು, ಆ ಒಂದು ಗಳಿಗೆ ಅವಳು ಇಂಡಿಯ ನಮ್ಮ ಪಡಸಾಲೆಯಲ್ಲಿ ನಿಂತ ಹಾಗೆ ಕಂಡಳು. ನೆಲ ನೋಡುತ್ತ, “ಬೋಲಾ ಹೋಗಾ ಸರ್. ಮೈ ಭೂಲ್ ಗಯೀ” ಎಂದಳು. ಹೇಳಿರಬಹುದು, ನಾನೇ ಮರೆತೆ.

ಅಂದೇ ಅವಳ ಕೆಲಸ ಹೋಯಿತು. ನನ್ನ ಕೆಲಸ ಉಳಿಯಿತು.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಬೆಳಿಗ್ಗೆ ನಾನು ಎದ್ದು ಅವಳ ಆಫೀಸಿಗೆ ಹೋಗುತ್ತಿದ್ದೆ, ಅವಳು ಖೋಲಿಯಲ್ಲಿ ಉಳಿಯುತ್ತಿದ್ದಳು. ನನ್ನ ಡಬ್ಬಿ ಕಟ್ಟಿಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಒಂದು ಸಲವಾದರೂ ಬೈದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಹಿತೇಶ್‌ಭಾಯಿ ನನ್ನನ್ನು ಇನ್ನಷ್ಟು ನಂಬತೊಡಗಿದರು. ತಂಗಿಯೆಂದು ಮುಲಾಜು ನೋಡದೆ ಖರೇ ಹೇಳಿದ ಮನುಷ್ಯ ಎಂದು ಬಂದವರಿಗೆ ಹೇಳುತ್ತಿದ್ದರು. ನಾನು ಕೆಂಪು ಸಾಲು ಕಂಡರೆ ಅದರ ಹೆಸರಿನವರನ್ನು ಎರಡೆರಡು ಸಲ ಕೇಳುತ್ತಿದ್ದೆ. ಹುಡುಗರು ಯಮರಾಜ್ ಎನ್ನುವುದನ್ನು ನಿಲ್ಲಿಸಿದ್ದರು.

ಅವ್ವನಿಗೆ ಕೆಲಸ ಹೋದದ್ದು ಕಾಕುವಿನ ಊರಿನವರಿಂದ ಹೇಗೋ ತಿಳಿಯಿತು. “ಛಲೋ ಆತು” ಎಂದಳು ಅವ್ವ. “ದೀಪಾವಳಿ ಒಳಗ ಕರಕೊಂಡು ಬಾ. ಅವರಿಗೆ ಹೇಳಿಬಿಡ್ತೀನಿ.”

ನೀಲಾ ಕೇಳಿಸಿಕೊಂಡಳು. ಅವಳ ಹತ್ತಿರ ಉಳಿದದ್ದು ದೀಪಾವಳಿಯವರೆಗಿನ ಸಮಯ. ಅಷ್ಟರಲ್ಲಿ ಇನ್ನೊಂದು ಕೆಲಸ ಸಿಗದಿದ್ದರೆ ಅವಳು ಬಿಟ್ಟುಬಂದ ಬಾಗಿಲಿನೊಳಗೇ ಅವಳನ್ನು ನಾನು ಕೈಹಿಡಿದು ಒಯ್ಯಬೇಕು. ಅದಕ್ಕೆಂದೇ ಅಲ್ಲವೇ ನನ್ನನ್ನು ಇಲ್ಲಿಗೆ ಕಳಿಸಿದ್ದು. ದಿನವೂ ಒಗೆದ ಕುರ್ತಾ ಹಾಕಿಕೊಂಡು ಎಲ್ಲೆಲ್ಲೋ ಹೋಗಿ ಬರುತ್ತಿದ್ದಳು. ಹೋದಲ್ಲೆಲ್ಲ ಮೊದಲಿನ ಕಂಪನಿ ಯಾಕೆ ಬಿಟ್ಟೆ ಎಂಬ ಪ್ರಶ್ನೆ. ಅವಳ ಚಪ್ಪಲಿ ಬಾಗಿಲಲ್ಲಿ ಬೀಳುವ ಸದ್ದಿನಿಂದಲೇ ಏನಾಯಿತೆಂದು ನನಗೆ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಹಿತೇಶ್‌ಭಾಯಿಯ ಕೋಣೆಗೆ ಹೋಗಿ ಬಾಗಿಲು ಹಾಕಿ ಎಲ್ಲ ಹೇಳಿದೆ. ಅವಳನ್ನು ಕೇಳಿರಲಿಲ್ಲ, ಗುರುತು ನಾನೇ ಹಾಕಿದೆ, ನಿಮ್ಮೆದುರು ಎರಡನೇ ಸಲವೂ ಸುಳ್ಳು ಹೇಳಿದೆ. ಅವಳನ್ನು ವಾಪಸು ಕರೆಯಿರಿ, ನನ್ನನ್ನು ಓಡಿಸಿರಿ.

ಅವರು ಪೇಪರ್‌ವೇಟು ಬದಿಗೆ ಸರಿಸಿದರು. “ಲ್ಯಾಬಿನವರು ನಮ್ಮನ್ನು ಬಿಟ್ಟು ಹೋದರು. ಈಗ ಅವಳನ್ನು ಕರೆದು ಏನು ಮಾಡಲಿ?” ಎಂದರು. ಆಮೇಲೆ, “ನೀನು ಸುಳ್ಳು ಹೇಳಿದೆ ಸರಿ. ಅವಳು ಯಾಕೆ ಹೇಳಿದಳು?” ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ನಾಳೆಯಿಂದ ಬರಬೇಡ ಎಂದರು.

ಕೆಲಸ ಹೋದರೂ ಎದೆಯ ಮೇಲಿನ ಭಾರ ಇಳಿದ ಹಾಗಿತ್ತು. ದಾದರಿನಲ್ಲಿ ಇಳಿದು, ನೀಲಾಳಿಗೆ ಇಷ್ಟವೆಂದು ಪೇಡೆ ಕೊಂಡೆ. ಇವತ್ತು ಈ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಪೇಡೆ ಕೊಂಡೆ.

ಸಂಜೆ ಅವಳು ಬಂದಳು. ಚಪ್ಪಲಿ ಬಿಡಲಿಲ್ಲ. ಹೊಸ್ತಿಲಲ್ಲೇ ನಿಂತಳು.

“ಹಿತೇಶ್‌ಭಾಯಿಗೆ ಹೇಳಿದ್ಯಂತ.”

“ಹೂಂ. ಖರೇ ಹೇಳಿದೆ. ಎಲ್ಲಾ ಹೇಳಿದೆ.”

“ನನ್ನ ಕೇಳಿದ್ಯಾ?”

ನನಗೆ ಅರ್ಥವಾಗಲಿಲ್ಲ. “ನಿನ್ನ ಸಲುವಾಗಿನ ಹೇಳಿದ್ದು ನೀಲಾ.”

“ಕೇಳಿದ್ಯಾ ಅಂದೆ.”

ಕಾಕುವಿನ ಖೋಲಿಯಲ್ಲಿ ಟಿ.ವಿ. ದನಿ ಸಣ್ಣದಾಯಿತು.

“ಬಾಂದ್ರಾದಾಗ ಒಂದು ಕಂಪನಿಯವರು ಮೂರು ಸಲ ಕರದಿದ್ರು ನನ್ನ” ಎಂದಳು. ದನಿ ಏರಲಿಲ್ಲ. “ಏನಾತು ಅಂತ ಕೇಳಿದ್ರು. ನಾನ ಹೂಂ ಅಂದಿದ್ದೆ, ಆಮ್ಯಾಲೆ ಮರತೆ, ತಪ್ಪು ನಂದು ಅಂದೆ. ಇಷ್ಟು ಮಂದಿ ಬಂದ್ರು, ತಪ್ಪು ಒಪ್ಪಿಕೊಂಡಾಕಿ ನೀ ಒಬ್ಬಾಕಿ ಅಂದ್ರು. ಇವತ್ತ ಮಧ್ಯಾಹ್ನ ಹಿತೇಶ್‌ಭಾಯಿಗೆ ಫೋನ್ ಮಾಡ್ಯಾರ. ನೌಕರಿ ಕೊಡಾಕ ಅದೊಂದು ಕೇಳೋದಷ್ಟ ಬಾಕಿ ಇತ್ತು.”

“ಮತ್ತ ಛಲೋ ಆತಲ್ಲ. ನಿನ್ನ ತಪ್ಪಿಲ್ಲ ಅಂತ ಅವರು ಹೇಳಿರಬೇಕಲ್ಲ.”

“ಹೇಳ್ಯಾರ. ಹಂಗಾದ್ರ ನಮ್ಮ ಮುಂದ ಸುಳ್ಳ ಯಾಕ ಹೇಳಿದಿ ಅಂತ ಬಾಂದ್ರಾದವರು ನನ್ನ ಕೇಳಿದ್ರು.” ಅವಳು ಚೀಲವನ್ನು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. “ಏನ್ ಹೇಳಲಿ ನಾನು? ನಮ್ಮಣ್ಣನ ಮಾನ ಉಳಸಾಕ ಹೇಳಿದೆ ಅಂತ ಇಂಗ್ಲಿಷಿನಾಗ ಹೆಂಗ ಹೇಳೂದು ಅಣ್ಣಾ?”

ಪೇಡೆಯ ಪೊಟ್ಟಣ ನನ್ನ ತೊಡೆಯ ಮೇಲೆ ಇತ್ತು. ಮುಚ್ಚಿಡಲೂ ಜಾಗವಿಲ್ಲದ ಖೋಲಿ.

ಆ ಕಂಪನಿಯಿಂದ ಮತ್ತೆ ಫೋನು ಬರಲಿಲ್ಲ. ನಾನು ಈಗ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪ್ಲಾಸ್ಟಿಕ್ ಡಬ್ಬಿಗಳಿಗೆ ಮುಚ್ಚಳ ಹಾಕಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತೇನೆ. ನೀಲಾ ಅದೇ ಕುರ್ತಾ ಒಗೆದು ಹಾಕಿಕೊಂಡು ಇನ್ನೂ ಹೋಗಿ ಬರುತ್ತಿದ್ದಾಳೆ. ಊರಿಗೆ ಹೋಗೋಣವೇ ಎಂದು ನಾನು ಕೇಳಿಲ್ಲ, ಇರೋಣ ಎಂದೂ ಹೇಳಿಲ್ಲ. ನನ್ನನ್ನು ಕೇಳಿದರೆ, ಇಂಡಿಯ ನೆನಪಾಗದ ದಿನವಿಲ್ಲ. ಸಂಜೆ ಬೇವಿನ ಕೆಳಗೆ ಕೂತು ಯಾರ ಜೊತೆಗಾದರೂ ಸುಮ್ಮನೆ ಮಾತಾಡುವ ಆಸೆ. ಆದರೆ ಅಲ್ಲಿಗೆ ಹೋದ ಕೂಡಲೇ ನಾನು ತಂಗಿಯನ್ನು ದಾರಿಗೆ ತಂದ ಅಣ್ಣನಾಗುತ್ತೇನೆ, ಊರು ಹೊಗಳುತ್ತದೆ. ಆ ಹೊಗಳಿಕೆ ತಿಂದು ಬದುಕಲಾರೆ. ಇಲ್ಲಿ ನನ್ನನ್ನು ಬಲ್ಲವಳು ಒಬ್ಬಳೇ, ಅವಳಿಗೆ ನಾನು ಮುಖ ಕೊಡಲಾರೆ.

ಅವ್ವ ನಿನ್ನೆ ಮತ್ತೆ ಫೋನು ಮಾಡಿದಳು. ಅವಳ ಹಿಂದೆ ಓಣಿಯ ಮಕ್ಕಳು ಕಿರುಚುತ್ತಿದ್ದದ್ದು, ಯಾರೋ ಬಾಗಿಲಿಗೆ ನೀರು ಚಿಮುಕಿಸುತ್ತಿದ್ದದ್ದು ಕೇಳುತ್ತಿತ್ತು. “ಟಿಕೀಟು ತಗಸಿದ್ಯೇನೋ? ಅವರು ದಿನಾ ಕೇಳಾಕತ್ತಾರ. ಏನಂತಾಳ ಅಕಿ?”

ನಾನು ಫೋನನ್ನು ನೀಲಾಳ ಕಡೆ ಹಿಡಿದೆ.

ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಿ ಫೋನು ನೋಡಿದಳು, ನನ್ನನ್ನು ನೋಡಿದಳು. “ನೀನ ಹೇಳು” ಎಂದಳು. “ನಿನಗ ರೂಢಿ ಅದ.”

ಮತ್ತೆ ತಟ್ಟತೊಡಗಿದಳು. ನನ್ನ ಚಾಚಿದ ಕೈಯೊಳಗಿಂದ ಅವ್ವ “ಹಲೋ, ಕೇಳಾಕತ್ತದೇನು? ಹೂಂ ಅಂದಳೋ ಇಲ್ಲೋ?” ಎಂದು ಕರೆಯುತ್ತಲೇ ಇದ್ದಳು. ಹೂಂ ಎಂದರೂ ಊಹೂಂ ಎಂದರೂ ಆ ಮಾತು ನನ್ನದಲ್ಲ. ಫೋನು ಇಡಲೂ ಆಗದೆ, ಕಿವಿಗೆ ಹಚ್ಚಲೂ ಆಗದೆ, ಹಿಡಿದುಕೊಂಡೇ ನಿಂತಿದ್ದೆ.